ಅಡ್ವಾನ್ಸ್ ನಿಮ್ಮ ಹಣವಲ್ಲ: ಮೊದಲ ಬಾಡಿಗೆ ಮನೆಯ ನಗದು ಲೆಕ್ಕ

ನಿಮ್ಮ ಕೈಯಲ್ಲಿ 15 ಲಕ್ಷ ರೂಪಾಯಿ ಇದೆ, ಬಾಡಿಗೆ ಬರುವಂಥ ಒಂದು ಮನೆ ಮಾಡಿಕೊಳ್ಳಬೇಕು ಅಂತಿದ್ದೀರಿ ಎಂದಿಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ ವಿಚಾರಿಸಿದರೆ ಬೆಲೆಯ ಶೇ. 80ರಷ್ಟು ಸಾಲ ಸಿಗುತ್ತದೆ ಅನ್ನುತ್ತಾರೆ. ತಕ್ಷಣ ಮನಸ್ಸಿನಲ್ಲಿ ಒಂದು ಭಾಗಾಕಾರ ನಡೆದುಬಿಡುತ್ತದೆ: ಶೇ. 20 ಅಂದರೆ 15 ಲಕ್ಷ, ಹಾಗಾದರೆ 75 ಲಕ್ಷದ ಫ್ಲ್ಯಾಟ್ ಕೊಳ್ಳಬಹುದು. ಇಲ್ಲಿ ಕೂತಿರುವವರಲ್ಲಿ ಕೆಲವರಾದರೂ ಈ ಲೆಕ್ಕ ಹಾಕಿರುತ್ತೀರಿ. ಮೊದಲು ಇದನ್ನು ಅಳಿಸಿ ಹಾಕೋಣ.

ಬ್ಯಾಂಕು ಸಾಲ ಕೊಡುವುದು ಮನೆಯ ಬೆಲೆಗೆ ಮಾತ್ರ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90, 30ರಿಂದ 75 ಲಕ್ಷದವರೆಗೆ ಶೇ. 80, ಅದಕ್ಕಿಂತ ಮೇಲೆ ಶೇ. 75 ಗರಿಷ್ಠ ಮಿತಿ. ಇದು ಮಿತಿ ಮಾತ್ರ, ಅಷ್ಟು ಕೊಟ್ಟೇ ಕೊಡಬೇಕೆಂದೇನಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಈ ಲೆಕ್ಕದೊಳಗೆ ಬರುವುದಿಲ್ಲ, ಪೂರ್ತಿ ನಿಮ್ಮ ಜೇಬಿನಿಂದಲೇ ಹೋಗಬೇಕು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ ನಗರ ಪ್ರದೇಶದಲ್ಲಿ ಒಟ್ಟು ಶೇ. 7.6. ಅಂದರೆ 75 ಲಕ್ಷದ ಮನೆಗೆ ನೋಂದಣಿ ದಿನವೇ 5 ಲಕ್ಷ 70 ಸಾವಿರ ಬೇಕು. ಆ ಹಣ ಇಲ್ಲದಿದ್ದಾಗ ಜನ ಪರ್ಸನಲ್ ಲೋನ್ ಕಡೆ ತಿರುಗುತ್ತಾರೆ, ಇಲ್ಲವೇ ನಡೆಯುತ್ತಿರುವ ಚೀಟಿಯನ್ನು ಅವಸರದಲ್ಲಿ ಕೂಗುತ್ತಾರೆ. 5 ಲಕ್ಷದ ಚೀಟಿಯನ್ನು ಕಾಲು ಭಾಗ ಬಿಟ್ಟು ಕೂಗಿದರೆ ಕೈಗೆ ಬರುವುದು 3 ಲಕ್ಷ 75 ಸಾವಿರ. ಉಳಿದ ತಿಂಗಳುಗಳ ಕಂತನ್ನು ಮಾತ್ರ ಕಟ್ಟುತ್ತಲೇ ಇರಬೇಕು. ಮನೆ ಸಾಲದ ಕಂತಿನ ಪಕ್ಕದಲ್ಲಿ ಇನ್ನೊಂದು ಕಂತು ಬಂದು ಕೂತ ಹಾಗಾಯಿತು.

ಹಾಗಾದರೆ 15 ಲಕ್ಷಕ್ಕೆ ಎಷ್ಟು ಬೆಲೆಯ ಮನೆ? ನನ್ನ ಪ್ರಕಾರ 40 ಲಕ್ಷ, ಅದಕ್ಕಿಂತ ಮೇಲೆ ಹೋಗಬಾರದು. ಬರೆದುಕೊಳ್ಳಿ. ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್, ಬೆಲೆ 40 ಲಕ್ಷ, ಸಾಲ 32 ಲಕ್ಷ, ನಿಮ್ಮ ಪಾಲು 8 ಲಕ್ಷ. ನೋಂದಣಿಗೆ 3 ಲಕ್ಷ 4 ಸಾವಿರ. ಬ್ರೋಕರ್‌ಗೆ ಶೇ. 1 ಎಂದರೆ 40 ಸಾವಿರ. ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಪತ್ರ ಬರಹಗಾರರ ಶುಲ್ಕ, ಖಾತೆ ಬದಲಾವಣೆ ಇವೆಲ್ಲಕ್ಕೆ ಇನ್ನೊಂದು 40 ಸಾವಿರ. ಬಾಡಿಗೆಗೆ ಕೊಡುವ ಮುನ್ನ ಸುಣ್ಣಬಣ್ಣ, ನಲ್ಲಿ, ಸ್ವಿಚ್ಚು, ಗೀಸರ್ ಎಂದು 1 ಲಕ್ಷ 20 ಸಾವಿರ ಇಟ್ಟುಕೊಳ್ಳಿ. ಕೂಡಿಸಿದರೆ 13 ಲಕ್ಷ 4 ಸಾವಿರ. ಉಳಿಯುವುದು 2 ಲಕ್ಷಕ್ಕೆ ಸ್ವಲ್ಪ ಕಡಿಮೆ, ಆ ಹಣವೇ ಮುಂದೆ ನಿಮ್ಮನ್ನು ಕಾಪಾಡುವುದು.

ಈ ಲೆಕ್ಕವನ್ನು ಎರಡು ಸಂಗತಿಗಳು ಕೆಡಿಸಬಹುದು. ಒಂದು, ಸರ್ಕಾರದ ಮಾರ್ಗಸೂಚಿ ಬೆಲೆ. ನೀವು ಮಾತಾಡಿದ ಬೆಲೆಗಿಂತ ಅದು ಹೆಚ್ಚಿದ್ದರೆ ಶುಲ್ಕ ಕಟ್ಟಬೇಕಾದದ್ದು ಹೆಚ್ಚಿನದರ ಮೇಲೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಇನ್ನೊಂದು ಬ್ಯಾಂಕಿನ ಮೌಲ್ಯಮಾಪಕರದ್ದು. 40 ಲಕ್ಷಕ್ಕೆ ಮಾತಾದ ಮನೆಗೆ ಅವರು 37 ಲಕ್ಷ ಅಂತ ಬರೆದರೆ, ಶೇ. 80ರ ಲೆಕ್ಕದಲ್ಲಿ ಸಾಲ 29 ಲಕ್ಷ 60 ಸಾವಿರಕ್ಕೆ ಇಳಿಯುತ್ತದೆ. ಎರಡು ಲಕ್ಷ ನಲವತ್ತು ಸಾವಿರದ ಹೊಂಡ ಒಂದೇ ದಿನದಲ್ಲಿ ಬೀಳುತ್ತದೆ. ಅದಕ್ಕೇ ಕ್ರಯದ ಕರಾರಿನಲ್ಲಿ ಒಂದು ವಾಕ್ಯ ಸೇರಿಸಿ: ಒಪ್ಪಿದಷ್ಟು ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಕೊಟ್ಟ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು. ಇದಕ್ಕೆ ಒಪ್ಪದ ಮಾರಾಟಗಾರರಿಗೆ ದೊಡ್ಡ ಮುಂಗಡ ಕೊಡಬೇಡಿ. ಫ್ಲ್ಯಾಟ್ ಆದರೆ ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಎಂಬ ಪತ್ರ ತರಿಸಿ, ಹಿಂದಿನ ಎರಡು ವಾರ್ಷಿಕ ಸಭೆಗಳ ನಡಾವಳಿ ಓದಿ. ಲಿಫ್ಟ್ ಬದಲಾವಣೆಗೋ ಹೊರಗೋಡೆಯ ಬಣ್ಣಕ್ಕೋ ಮನೆಗೆ ಇಷ್ಟೆಂದು ವಸೂಲಿ ಮಾಡುವ ಮಾತು ಅಲ್ಲಿ ಆಗಲೇ ಬಂದಿರುತ್ತದೆ.

ಈಗ ತಿಂಗಳ ಲೆಕ್ಕ. ಶೇ. 8.5 ಬಡ್ಡಿ, 20 ವರ್ಷದ ಅವಧಿಯಲ್ಲಿ ಒಂದು ಲಕ್ಷಕ್ಕೆ ಕಂತು 868 ರೂಪಾಯಿ. 32 ಲಕ್ಷಕ್ಕೆ 27,776. ಆ ಮನೆಗೆ ಬಾಡಿಗೆ 15,000 ಬರುತ್ತದೆ ಎಂದುಕೊಳ್ಳಿ. ಮೊದಲ ತಿಂಗಳ ಕಂತಿನಲ್ಲಿ ಬಡ್ಡಿಯ ಭಾಗವೇ 22 ಸಾವಿರ ದಾಟುತ್ತದೆ, ಅಂದರೆ ಬಾಡಿಗೆ ಬಡ್ಡಿಗೂ ಸಾಲದು. "ಬಾಡಿಗೆಯಲ್ಲೇ ಕಂತು ತೀರುತ್ತೆ" ಅನ್ನುವ ಮಾತನ್ನು ಮಾರುವವರು ಧಾರಾಳವಾಗಿ ಹೇಳುತ್ತಾರೆ. ಸಾಲ ತೆಗೆದು ಕೊಂಡ ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದು ಶುರುವಿನ ವರ್ಷಗಳಲ್ಲಿ ಆಗುವುದಿಲ್ಲ. ವರ್ಷಕ್ಕೆ ಒಂದೂವರೆ ಲಕ್ಷ ಕೊರತೆ, ಅದರ ಜೊತೆಗೆ ಒಂದು ತಿಂಗಳು ಮನೆ ಖಾಲಿ, ಆಸ್ತಿ ತೆರಿಗೆ, ರಿಪೇರಿ ಸೇರಿಸಿದರೆ ತಿಂಗಳಿಗೆ 16 ಸಾವಿರದ ಸುತ್ತ ಸಂಬಳದಿಂದ ಹೋಗುತ್ತದೆ. ಐದಾರು ವರ್ಷ ಈ 16 ಸಾವಿರವನ್ನು ಉಸಿರುಗಟ್ಟದೆ ಕೊಡಬಲ್ಲವರು ಕೊಳ್ಳಲಿ. ಮಕ್ಕಳ ಶಾಲೆಯ ಫೀಸು ಬಂದ ತಿಂಗಳು ತಡವರಿಸುವ ಹಾಗಿದ್ದರೆ ಇನ್ನೂ ಸಣ್ಣ ಮನೆ ನೋಡಬೇಕು, ಇಲ್ಲವೇ ಕಾಯಬೇಕು.

ಸಾಲದ ಅವಧಿಯ ಬಗ್ಗೆ ಒಂದು ಮಾತು. ಬಡ್ಡಿ ಉಳಿಯುತ್ತದೆ ಎಂದು 15 ವರ್ಷಕ್ಕೆ ತೆಗೆದುಕೊಂಡರೆ ಲಕ್ಷಕ್ಕೆ 985 ರೂಪಾಯಿ, ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 3,744 ಹೆಚ್ಚು. ಕೈ ಬಿಗಿ ಇರುವವರು 20 ವರ್ಷಕ್ಕೇ ತೆಗೆದುಕೊಳ್ಳಿ. ಬಡ್ಡಿ ದರ ಏರಿಳಿಯುವ ಮಾದರಿಯ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಬೋನಸ್ಸು ಬಂದ ವರ್ಷ ಅಸಲಿಗೆ ಕಟ್ಟಿ, ಬಾರದ ವರ್ಷ ಸುಮ್ಮನಿರಿ. ಚಿಕ್ಕ ಕಂತನ್ನು ನಿಮ್ಮ ಇಷ್ಟದಂತೆ ಹೆಚ್ಚಿಸಿ ಕಟ್ಟಬಹುದು. ದೊಡ್ಡ ಕಂತನ್ನು ಕಷ್ಟ ಬಂದ ತಿಂಗಳು ಇಳಿಸಲಾಗುವುದಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಸಿಕ್ಕರೆ ಅದನ್ನೂ ವಿಚಾರಿಸಿ. ಆ ಖಾತೆಯಲ್ಲಿ ಇಟ್ಟ ಹೆಚ್ಚುವರಿ ಹಣದಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ವಾಪಸ್ ತೆಗೆಯಬಹುದು. 3 ಲಕ್ಷ ಅಲ್ಲಿಟ್ಟರೆ ವರ್ಷಕ್ಕೆ 25 ಸಾವಿರದಷ್ಟು ಬಡ್ಡಿ ಉಳಿಯುತ್ತದೆ. ಬಡ್ಡಿ ದರ ಮಾಮೂಲಿ ಸಾಲಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ, ಹಾಗಾಗಿ ಖಾತೆಯಲ್ಲಿ ಹಣ ನಿಲ್ಲಿಸದವರಿಗೆ ಇದರಿಂದ ನಷ್ಟ.

ಇನ್ನು ಇವತ್ತಿನ ಮುಖ್ಯ ವಿಷಯ, ಅಡ್ವಾನ್ಸ್. ಬೇರೆ ರಾಜ್ಯಗಳ ಹಲವು ಊರುಗಳಲ್ಲಿ ಎರಡು ಮೂರು ತಿಂಗಳ ಬಾಡಿಗೆಯನ್ನು ಠೇವಣಿ ಇಡುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳು ಕೇಳುವುದು ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಇಳಿಸುವವರೂ ಇದ್ದಾರೆ. ಬಾಡಿಗೆ 15,000 ಇದ್ದರೆ ಹತ್ತು ತಿಂಗಳಿಗೆ 1 ಲಕ್ಷ 50 ಸಾವಿರ. ಮನೆ ಕೊಂಡು ಕೈ ಬರಿದಾಗಿರುವ ಹೊತ್ತಿಗೇ ಈ ಹಣ ಬರುತ್ತದೆ. ಪರ್ಸನಲ್ ಲೋನ್ ತೀರಿಸೋಣ, ಒಂದು ಏಸಿ ಹಾಕಿಸೋಣ, ಹೇಗೂ ಈ ಬಾಡಿಗೆದಾರರು ಹೋಗುವಾಗ ಮುಂದಿನವರ ಅಡ್ವಾನ್ಸ್ ಬರುತ್ತದಲ್ಲ ಎಂಬ ಯೋಚನೆ ಬರುವುದು ಇಲ್ಲೇ.

ಅದು ಯಾಕೆ ಕೈಕೊಡುತ್ತದೆ ನೋಡಿ. ಹಳೆಯವರು ಮೇ 31ಕ್ಕೆ ಬಿಡುತ್ತಾರೆ. ಅವರಿಗೆ ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕು, ಹಾಗಾಗಿ ಅವತ್ತೇ ಹಣ ಬೇಕು. ನಿಮಗೆ ಹೊಸಬರು ಸಿಗುವುದು ಬಣ್ಣ ಬಳಿಸಿದ ಮೇಲೆ, ಮೂರು ನಾಲ್ಕು ವಾರ ಕಳೆದು. ಅಷ್ಟರಲ್ಲಿ ಬೀದಿಯ ರೂಢಿ ಬದಲಾಗಿ ಹೊಸಬರು ಆರು ತಿಂಗಳ ಅಡ್ವಾನ್ಸ್ ಮಾತ್ರ ಕೊಡುತ್ತೇವೆ ಅಂದರೆ ಬರುವುದು 90 ಸಾವಿರ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೂ 45 ಸಾವಿರ ಕಡಿಮೆ ಬಿತ್ತು. ಅದೇ ತಿಂಗಳು ಬಾಡಿಗೆ ಇಲ್ಲ, ಕಂತು ಮಾತ್ರ ಇದೆ. ಮನೆಯ ಬೆಲೆ ಏರಿರಬಹುದು, ಕಾಗದದ ಮೇಲೆ ನೀವು ಲಾಭದಲ್ಲೇ ಇರಬಹುದು. ಆದರೂ ಅಡ್ವಾನ್ಸ್ ಹಿಂದಿರುಗಿಸದೆ ಒಂದು ಸಂಸಾರವನ್ನು ಬೀದಿಯಲ್ಲಿ ಕಾಯಿಸುವ ಸ್ಥಿತಿಗೆ ಬರುತ್ತೀರಿ. ಅಡ್ವಾನ್ಸ್ ಅಂದರೆ ಬಡ್ಡಿ ಇಲ್ಲದ ಸಾಲ, ಕೇಳಿದ ದಿನ ಕೊಡಬೇಕಾದ ಸಾಲ.

ಆದ್ದರಿಂದ ಅದನ್ನು ಬಂದ ವಾರವೇ ಬೇರೆ ಮಾಡಿ. 1 ಲಕ್ಷ 50 ಸಾವಿರವನ್ನು 50 ಸಾವಿರದ ಮೂರು ಎಫ್‌ಡಿಗಳಾಗಿ ಇಡಿ. ಒಂದೇ ಎಫ್‌ಡಿ ಮಾಡಿದರೆ 20 ಸಾವಿರದ ತುರ್ತಿಗೂ ಇಡೀ ಠೇವಣಿ ಮುರಿದು ಬಡ್ಡಿಯಲ್ಲಿ ಕಡಿತ ಅನುಭವಿಸಬೇಕಾಗುತ್ತದೆ. ಶೇ. 6.5ರ ಲೆಕ್ಕದಲ್ಲಿ ವರ್ಷಕ್ಕೆ 9,750 ಬಡ್ಡಿ ಬರುತ್ತದೆ, ಅದು ನಿಮ್ಮದು, ಆಸ್ತಿ ತೆರಿಗೆಗೆ ಬಳಸಿಕೊಳ್ಳಿ. ಹೆಚ್ಚಿನ ಬಡ್ಡಿಯ ಆಸೆಗೆ ಸಣ್ಣ ಕೋ-ಆಪರೇಟಿವ್ ಬ್ಯಾಂಕಿನಲ್ಲಿ ಇಡುವವರು ಒಂದು ನಿಯಮ ನೆನಪಿಡಿ: ಠೇವಣಿ ವಿಮೆ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ.

ಅಡ್ವಾನ್ಸ್‌ಗಿಂತ ದೊಡ್ಡ ಬಲೆ ಭೋಗ್ಯ, ಬೆಂಗಳೂರಿನಲ್ಲಿ ಲೀಸ್ ಅನ್ನುತ್ತೇವಲ್ಲ ಅದು. ಬಾಡಿಗೆ ಬೇಡ, 10 ಲಕ್ಷ ಕೊಡಿ, ಮೂರು ವರ್ಷ ಇರಿ, ಹೋಗುವಾಗ 10 ಲಕ್ಷ ವಾಪಸ್. ಹಣದ ಮುಗ್ಗಟ್ಟಿನಲ್ಲಿರುವ ಹೊಸ ಮಾಲೀಕರಿಗೆ ಇದು ವರದ ಹಾಗೆ ಕಾಣುತ್ತದೆ. ಇದರ ಬಡ್ಡಿ ಎಷ್ಟು ಅಂತ ಲೆಕ್ಕ ಹಾಕೋಣ. ಬಾಡಿಗೆಗೆ ಕೊಟ್ಟಿದ್ದರೆ ಅಡ್ವಾನ್ಸ್ 1 ಲಕ್ಷ 50 ಸಾವಿರ ಹೇಗೂ ಬರುತ್ತಿತ್ತು. ಹಾಗಾಗಿ ಭೋಗ್ಯದಿಂದ ಹೆಚ್ಚಿಗೆ ಸಿಕ್ಕಿದ್ದು 8 ಲಕ್ಷ 50 ಸಾವಿರ. ಅದಕ್ಕಾಗಿ ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 1 ಲಕ್ಷ 80 ಸಾವಿರ. ಶೇ. 21ಕ್ಕೂ ಮೇಲಾಯಿತು! ಪರ್ಸನಲ್ ಲೋನ್ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಮೇಲಾಗಿ ಆ ಮೂರು ವರ್ಷ 27,776ರ ಕಂತು ಪೂರ್ತಿ ಸಂಬಳದಿಂದಲೇ ಹೋಗಬೇಕು, ಕೊನೆಗೆ 10 ಲಕ್ಷ ಒಟ್ಟಿಗೆ ಹೊಂದಿಸಬೇಕು. ಬ್ಯಾಂಕಿನ ಅಡಮಾನದಲ್ಲಿರುವ ಮನೆಯನ್ನು ಬ್ಯಾಂಕಿಗೆ ತಿಳಿಸದೆ ಭೋಗ್ಯಕ್ಕೆ ಕೊಡುವುದಂತೂ ಬೇಡವೇ ಬೇಡ. ಕಂತು ತಪ್ಪಿ ಮನೆ ಹರಾಜಿಗೆ ಬಂದರೆ, ಜೀವಮಾನದ ಉಳಿತಾಯ ತಂದು ನಿಮ್ಮ ಕೈಗಿತ್ತವರು ಮನೆಯನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ. ಇದು ಇನ್ನೊಬ್ಬರ ಬದುಕಿನ ಪ್ರಶ್ನೆ, ಬರೀ ನಮ್ಮ ಹಣಕಾಸಿನ ಅನುಕೂಲದ್ದಲ್ಲ.

ಮನೆ ಖಾಲಿ ಬೀಳುವ ತಿಂಗಳುಗಳ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಆಷಾಢದಲ್ಲಿ ಹೆಚ್ಚಿನವರು ಮನೆ ಬದಲಿಸುವುದಿಲ್ಲ. ಧನುರ್ಮಾಸ, ಪಿತೃಪಕ್ಷವೂ ಹಾಗೆಯೇ. ಜೂನ್ ಕೊನೆಯಲ್ಲಿ ಮನೆ ಖಾಲಿಯಾದರೆ ಶ್ರಾವಣದವರೆಗೆ ನೋಡಲು ಬರುವವರೇ ಕಡಿಮೆ. ಮಕ್ಕಳಿರುವ ಕುಟುಂಬಗಳು ಶಾಲೆ ಮುಗಿದು ಮತ್ತೆ ಶುರುವಾಗುವ ನಡುವೆ, ಏಪ್ರಿಲ್ ಮೇ ತಿಂಗಳಲ್ಲಿ, ಮನೆ ಹುಡುಕುತ್ತವೆ. ನಿಮ್ಮ ಕರಾರು ಮುಗಿಯುವ ದಿನ ಅಲ್ಲಿಗೆ ಬರುವಂತೆ ಮಾಡಿಕೊಳ್ಳಬಹುದು. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ ಎಲ್ಲರೂ 11 ತಿಂಗಳು ಬರೆಸುತ್ತಾರೆ. ಆಗಸ್ಟ್ 1ಕ್ಕೆ ಬಂದವರಿಗೆ 11 ತಿಂಗಳು ಬರೆದರೆ ಅದು ಮುಗಿಯುವುದು ಜೂನ್ 30ಕ್ಕೆ, ಸರಿಯಾಗಿ ಆಷಾಢದ ಹೊಸ್ತಿಲಲ್ಲಿ. ಅವರಿಗೆ ಮೊದಲ ಕರಾರನ್ನು 9 ತಿಂಗಳಿಗೆ ಬರೆಯಿರಿ, ಏಪ್ರಿಲ್ 30ಕ್ಕೆ ಬರುತ್ತದೆ. 11 ತಿಂಗಳ ಕರಾರು ಪ್ರತಿ ಸಲವೂ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ, ಆಗಾಗ ಸರಿಪಡಿಸಿಕೊಳ್ಳಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಒಂದು ತಿಂಗಳ ಬಾಡಿಗೆ ಉಳಿಯಬಹುದು.

ಏಪ್ರಿಲ್‌ನಲ್ಲಿ ಇನ್ನೊಂದು ಕೆಲಸ. ಆಸ್ತಿ ತೆರಿಗೆಯನ್ನು ಆ ತಿಂಗಳೊಳಗೆ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ದರ ಹೆಚ್ಚು. ಹಿಂದಿನ ಮಾಲೀಕರು ಸ್ವಂತ ವಾಸ ಎಂದು ಕಟ್ಟುತ್ತಿದ್ದದ್ದನ್ನು ನೀವೂ ಮುಂದುವರಿಸಿದರೆ ಮುಂದೊಂದು ದಿನ ವ್ಯತ್ಯಾಸದ ಜೊತೆ ದಂಡ, ಬಡ್ಡಿ ಸೇರಿ ನೋಟಿಸು ಬರುತ್ತದೆ.

ರಿಪೇರಿಗೆ ವರ್ಷಕ್ಕೆ ಒಂದು ತಿಂಗಳ ಬಾಡಿಗೆ ತೆಗೆದಿಡಿ. ಹಣ ಕಡಿಮೆ ಇದ್ದಾಗ ಮೊದಲು ನೀರು, ಆಮೇಲೆ ಕರೆಂಟು, ಕೊನೆಗೆ ಅಂದ. ಬಚ್ಚಲಮನೆ ಸೋರುತ್ತದೆಯೇ ಎಂದು ತಿಳಿಯಲು ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ಒಂದೆರಡು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಗಿನ ಮನೆಯ ಸೂರು ನೋಡಿ. ಸಣ್ಣ ಸೋರಿಕೆಯಾದರೆ ಟೈಲ್ಸ್ ಸಂದುಗಳ ಹಳೆಯ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿದರೆ ನಿಲ್ಲಬಹುದು. ಟೈಲ್ಸ್ ಒಡೆಯುವ ಮುನ್ನ ಇದನ್ನು ಮಾಡಿ ನೋಡಲೇಬೇಕು, ಯಾಕೆಂದರೆ ಖರ್ಚಿನಲ್ಲಿ ಅಜಗಜಾಂತರ ಇದೆ. ತಾರಸಿಯ ಬಿರುಕುಗಳನ್ನು ಮಳೆಗೆ ಮುಂಚೆ, ಮೇ ತಿಂಗಳೊಳಗೆ ಮುಚ್ಚಿಸಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಗೀಸರ್ ಲೈನಿಗೆ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು, ಹಾಕಿಸಿ. ಇದು ಜೀವದ ಮಾತು, ಇಲ್ಲಿ ಉಳಿತಾಯ ನೋಡಬಾರದು. ಮಾಡ್ಯುಲರ್ ಕಿಚನ್‌ಗೆ ಎರಡು ಲಕ್ಷ ಸುರಿದರೆ ಬಾಡಿಗೆ ಸಾವಿರ ರೂಪಾಯಿ ಏರಿದರೆ ಹೆಚ್ಚು, ಆ ಹಣ ವಾಪಸ್ ಬರಲು ಹದಿನಾರು ವರ್ಷ ದಾಟುತ್ತದೆ.

ನಿಮ್ಮಲ್ಲಿ ಸ್ವಂತ ಸೈಟಿನಲ್ಲಿ ಮನೆ ಇರುವವರಿಗೆ ಬೇರೆಯೇ ದಾರಿ ಇದೆ, ಹಣ ಕಡಿಮೆ ಇರುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ಮೇಲೆ ಐದು ಚದರದ (500 ಚದರಡಿಯ) ಒಂದು ಬೆಡ್‌ರೂಮಿನ ಮನೆ ಕಟ್ಟಿ. ಚದರಕ್ಕೆ 2 ಲಕ್ಷದ ಲೆಕ್ಕದಲ್ಲಿ 10 ಲಕ್ಷ, ಪ್ಲಾನು, ಮೀಟರು, ನೀರಿನ ಸಂಪರ್ಕಕ್ಕೆ ಇನ್ನೊಂದು ಲಕ್ಷ. ಬಾಡಿಗೆ 9,000 ಬಂದರೆ ವರ್ಷಕ್ಕೆ 1 ಲಕ್ಷ 8 ಸಾವಿರ, ಹಾಕಿದ ಹಣಕ್ಕೆ ಶೇ. 10ರ ಹತ್ತಿರ. ಫ್ಲ್ಯಾಟಿನಲ್ಲಿ ಇದು ಶೇ. 4ರ ಆಸುಪಾಸು. ಸಾಲವೂ ಬೇಕಿಲ್ಲ, ಕ್ರಯಪತ್ರದ ನೋಂದಣಿ ಖರ್ಚೂ ಇಲ್ಲ, 4 ಲಕ್ಷ ಕೈಯಲ್ಲೇ ಉಳಿಯುತ್ತದೆ.

ಆದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಕಲ್ಲಿನ ಪಾಯದ ಮೇಲೆ ಗೋಡೆಗಳೇ ಭಾರ ಹೊರುವ ಹಳೆಯ ಮನೆಗಳು, ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿಯ ಮನೆಗಳು ಇನ್ನೊಂದು ಅಂತಸ್ತನ್ನು ತಾಳುತ್ತವೆ ಎಂದು ಮೇಸ್ತ್ರಿ ಹೇಳಿದರೆ ಸಾಲದು. ವಿದ್ಯುತ್ ಕಂಪನಿಯ ಕಚೇರಿಯಲ್ಲೂ ಮೊದಲೇ ಕೇಳಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಓಸಿ) ಇಲ್ಲದ ಕಟ್ಟಡಗಳಿಗೆ ಹೊಸ ಸಂಪರ್ಕ ಕೊಡುವ ವಿಷಯ ಬಿಗಿಯಾಗಿದೆ. ನಿಮ್ಮ ಅಳತೆಯ ಸೈಟಿಗೆ ಯಾವ ದಾಖಲೆ ಬೇಕು ಎಂದು ತಿಳಿದ ಮೇಲೆ ಇಟ್ಟಿಗೆ ತರಿಸಿ. ಮೀಟರ್ ಇಲ್ಲದ ಮನೆಗೆ ಬಾಡಿಗೆ ಇಲ್ಲ.

ಮೇಲೆ ಮನೆ ಕಟ್ಟುವಾಗ ಹಣ ಕೈಕೊಡುವುದು ಮೋಲ್ಡ್, ಅಂದರೆ ಕಾಂಕ್ರೀಟಿನ ತಾರಸಿ, ಆದ ಮೇಲೆ. ಗೋಡೆ ಎದ್ದು ಮೋಲ್ಡ್ ಬಿದ್ದರೆ ಮನೆ ಮುಗಿದಂತೆ ಕಾಣುತ್ತದೆ, ಆದರೆ ಸುಮಾರು ಅರ್ಧ ಖರ್ಚು ಇನ್ನೂ ಬಾಕಿ ಇರುತ್ತದೆ: ಗಾರೆ, ಬಾಗಿಲು, ಕಿಟಕಿ, ವೈರಿಂಗು, ಪೈಪು, ನೆಲ, ಬಣ್ಣ. ಅರ್ಧಕ್ಕೆ ನಿಂತ ಮನೆ ಬಾಡಿಗೆ ತರುವುದಿಲ್ಲ, ಹಾಕಿದ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ 11 ಲಕ್ಷ ಹೊಂದಿದ ಮೇಲೆ ಶುರು ಮಾಡಿ. ಕಂಟ್ರಾಕ್ಟರ್‌ಗೆ ಹಂತ ಮುಗಿದಂತೆ ಕೊಡಿ, ಮುಂದಾಗಿ ಕೊಡಬೇಡಿ. ಶೇ. 5ರಿಂದ 10ರಷ್ಟನ್ನು ಮೊದಲ ಜೋರು ಮಳೆ ಕಳೆಯುವವರೆಗೆ ಹಿಡಿದುಕೊಳ್ಳುತ್ತೇವೆಂದು ಕರಾರಿನಲ್ಲೇ ಬರೆಸಿ.

ಆದಾಯ ತೆರಿಗೆಯನ್ನು ಚುಟುಕಾಗಿ ಹೇಳುತ್ತೇನೆ. ಬಾಡಿಗೆಯಲ್ಲಿ ನೀವು ಆ ವರ್ಷ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ ಸಿಗುತ್ತದೆ. ರಿಪೇರಿಯ ರಸೀದಿಗಳನ್ನು ಬೇರೆಯಾಗಿ ತೋರಿಸುವಂತಿಲ್ಲ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಕಳೆದು ಬಂದ ನಷ್ಟವನ್ನು ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದ ಜೊತೆ ಹೊಂದಿಸಬಹುದು, ಹೊಸ ಪದ್ಧತಿಯಲ್ಲಿ ಆಗುವುದಿಲ್ಲ. "ತೆರಿಗೆ ಉಳಿಯುತ್ತೆ" ಎಂಬ ಭರವಸೆಯ ಮೇಲೆ ಕೊಳ್ಳುವವರು ತಾವು ಯಾವ ಪದ್ಧತಿಯಲ್ಲಿದ್ದೇವೆ ಎಂದು ನೋಡಿಕೊಳ್ಳಿ. ಹೊರದೇಶದಲ್ಲಿರುವ ನಿಮ್ಮ ಮಕ್ಕಳ ಹೆಸರಿನಲ್ಲಿ ಮನೆ ಇದ್ದರೆ, ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು ಶೇ. 31.2ರಷ್ಟು ಟಿಡಿಎಸ್ (ಕೊಡುವಾಗಲೇ ಕಡಿದುಕೊಳ್ಳುವ ತೆರಿಗೆ) ಹಿಡಿಯಬೇಕು. ರಿಟರ್ನ್ಸ್ ಸಲ್ಲಿಸಿ ಮರುಪಾವತಿ ಬರುವವರೆಗೆ ಆ ಹಣ ಕೈಗೆ ಸಿಗದು ಎಂದು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ, ಬಾಡಿಗೆದಾರರು ಬಿಡುವ ದಿನದ ಕೆಲಸ. ಅವರು ನೋಟಿಸ್ ಕೊಟ್ಟ ದಿನವೇ ಅಡ್ವಾನ್ಸಿನ ಎಫ್‌ಡಿಗಳನ್ನು ಯಾವಾಗ ಮುರಿಯಬೇಕೆಂದು ಗುರುತು ಹಾಕಿಕೊಳ್ಳಿ. ಬಿಡುವ ವಾರದ ಮೊದಲು ಒಟ್ಟಿಗೆ ಮನೆ ಸುತ್ತಿ, ಕಡಿತ ಏನಿದ್ದರೂ ಅವತ್ತೇ ಮೊತ್ತ ಸಮೇತ ಹೇಳಿ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದಾದರೆ ಅದು ಕರಾರಿನಲ್ಲಿ ಬರೆದಿರಬೇಕು. ಕೊನೆಯ ದಿನ ಕರೆಂಟು, ನೀರಿನ ಮೀಟರಿನ ಫೋಟೊ ತೆಗೆದುಕೊಳ್ಳಿ, ಬಾಕಿ ಬಿಲ್ಲು ಕಟ್ಟಿಸಿ, ಯಾಕೆಂದರೆ ಉಳಿದ ಬಾಕಿ ನಿಮ್ಮ ಮೀಟರಿನ ಆರ್‌ಆರ್ ನಂಬರಿನ (ಸಂಪರ್ಕದ ಗುರುತಿನ ಸಂಖ್ಯೆಯ) ಮೇಲೆಯೇ ನಿಲ್ಲುತ್ತದೆ. ಗೃಹಜ್ಯೋತಿಗೆ ಅವರ ಆಧಾರ್ ಜೋಡಿಸಿದ್ದರೆ ತೆಗೆಸಿ, ಇಲ್ಲದಿದ್ದರೆ ಮುಂದೆ ಬರುವವರಿಗೆ ತೊಡಕು. ಆಮೇಲೆ ಬೀಗದ ಕೈ ತೆಗೆದುಕೊಳ್ಳುವ ಹೊತ್ತಿಗೇ ಉಳಿದ ಅಡ್ವಾನ್ಸ್ ಅನ್ನು ಬ್ಯಾಂಕಿನ ಮೂಲಕ ಹಾಕಿ, ಅವರ ಎದುರಿಗೇ.